ಗವಂತಿ, ಮುರ್ಗಿ

ತಾಪಿ ಸೇತುವೆಯ ಮೇಲೆ ಗಾಡಿ ಸದ್ದು ಬದಲಿಸಿದ್ದೇ ತಡ, ಭರತೇಶನಿಗೆ ಯಾವ ಕಾರಣವೂ ಇಲ್ಲದೆ ನಗು ಬಂತು. ಬಂದ ನಗುವನ್ನು ಹೇಗೋ ಕೆಮ್ಮಾಗಿ ತಿರುಗಿಸಿದ. ಎದುರು ಸೀಟಿನ ಹೆಂಗಸು ತನ್ನ ಟಿಫಿನ್ ಡಬ್ಬಿಯನ್ನು ಅವನಿಂದ ಒಂದು ಗೇಣು ದೂರ ಸರಿಸಿಕೊಂಡಳು. ತಪ್ಪೇನಿಲ್ಲ. ನಲವತ್ಮೂರು ವರ್ಷದ ಗಂಡಸು, ಸೂರತ್ ಪಕ್ಕದ ಸಚಿನ್ನಿನ ಬಣ್ಣದ ಮಿಲ್ಲೊಂದರಲ್ಲಿ ಶೇಡ್ ಲ್ಯಾಬಿನ ಇನ್‌ಚಾರ್ಜ್, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗಿನ ಏಳೂವರೆಗೆ ಒಬ್ಬನೇ ಕಿಸಕ್ಕನೆ ನಕ್ಕರೆ ಯಾರಿಗಾದರೂ ಗಾಬರಿಯೇ. ತೊಡೆಯ ಮೇಲಿನ ಚೀಲದಲ್ಲಿ ಹನ್ನೆರಡು ಸೂಜಿ, ನಾಲ್ಕು ಬಣ್ಣದ ರೇಷ್ಮೆ ಎಳೆ, ಅಂಗೈಯಗಲದ ಇಳಕಲ್ ಬಟ್ಟೆ, ಮತ್ತೆ ಒಂದು ಪತ್ರ. ಪಾರಂಪರಿಕ ಕಲೆ ಮತ್ತು ಗ್ರಾಮೀಣ ಕಸುಬುಗಳ ಸಹಾಯ ಮಂಡಳಿಯವರು ವಡೋದರಾಕ್ಕೆ ಸಂದರ್ಶನಕ್ಕೆ ಕರೆದಿದ್ದರು. ಗುರುವಿನ ಜೊತೆ ಖುದ್ದಾಗಿ ಬರಬೇಕು, ಸಾಧ್ಯವಾದರೆ ಲೈವ್ ಸ್ಯಾಂಪಲ್ ತರಬೇಕು ಎಂದಿತ್ತು. ಲೈವ್ ಸ್ಯಾಂಪಲ್ ಅಂದರೆ ಅಲ್ಲೇ ಕೂತು ಹೊಲಿದು ತೋರಿಸುವುದು ಎಂದು ಅವನಿಗೆ ಕೂಡಲೇ ಹೊಳೆದಿತ್ತು. ಇವತ್ತು ಅವರು ಹೂಂ ಅಂದರೆ ಎಂಟು ತಿಂಗಳು ಅಹಮದಾಬಾದಿನ ಮಣಿನಗರದ ಶಾಂತಾಬಾಯಿಯವರ ಎದುರು ಕೂತು ಕಸೂತಿ ಕಲಿಯಬಹುದು. ಮೊಹರಿನ ಕಾಗದ ತಂದರೆ ರಜೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಮಿಲ್ಲಿನ ಮ್ಯಾನೇಜರು ಹೇಳಿಬಿಟ್ಟಿದ್ದರು. ಊಹೂಂ ಅಂದರೆ ಮುಗಿಯಿತು. ಮುಂದಿನ ವರ್ಷ ಎನ್ನುವ ಮಾತೇ ಇಲ್ಲ. ಶಾಂತಾಬಾಯಿಯವರ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ಇನ್ನೊಂದು ವರ್ಷ ಎಂದು ಡಾಕ್ಟರು ಹೇಳಿದ್ದನ್ನು ಅವರು ನಾಳೆ ಹಾಲಿನವನು ಬರುವುದಿಲ್ಲವಂತೆ ಎನ್ನುವ ಧಾಟಿಯಲ್ಲಿ ಹೇಳಿದ್ದರು.

ಇಷ್ಟೆಲ್ಲ ಶುರುವಾದದ್ದು ಒಂದು ಫ್ಯಾನಿನಿಂದ. ಎರಡು ವರ್ಷದ ಕೆಳಗೆ ಹೆಂಡತಿ ವಿಮಲಾಳ ಕಡೆಯವರ ನಾಮಕರಣಕ್ಕೆ ಮಣಿನಗರಕ್ಕೆ ಹೋಗಿದ್ದಾಗ, ರೈಲ್ವೆ ಗಾರ್ಡಿನ ವಿಧವೆಯಂತೆ, ಧಾರವಾಡದ ಕಡೆಯವರಂತೆ ಎಂದು ಯಾರೋ ತೋರಿಸಿದ ಮುದುಕಿಯೊಬ್ಬರ ಸೆರಗು ಪೆಡೆಸ್ಟಲ್ ಫ್ಯಾನಿನ ಗಾಳಿಗೆ ಹಾರಿ ಮಗುಚಿಕೊಂಡಿತು. ಭರತೇಶ ಕೈಯಲ್ಲಿದ್ದ ಪೇಡೆ ಬಾಯಿಗಿಡುವುದನ್ನು ಮರೆತ. ಅವನು ಇಪ್ಪತ್ತು ವರ್ಷ ಬಟ್ಟೆ ನೋಡಿ ಅನ್ನ ತಿಂದವನು. ಸೂರತ್ತಿನ ಕಸೂತಿ ಯಂತ್ರಗಳು ಒಂದೇ ಏಟಿಗೆ ನೂರಾರು ಸೂಜಿ ಚುಚ್ಚಿ ಗಂಟೆಯೊಳಗೆ ಇಡೀ ಸೀರೆ ಉಗುಳುವುದನ್ನು ದಿನಾ ನೋಡುವವನು. ಆ ಸೀರೆಗಳ ಹಿಂಬದಿ ಅಂದರೆ ದಾರದ ಕಸ. ಇಲ್ಲಿ ಮಗುಚಿದ ಸೆರಗಿನ ಹಿಂಬದಿಯಲ್ಲಿ ಆನೆಗೆ ಆನೆಯೇ ಇತ್ತು, ನವಿಲಿಗೆ ನವಿಲೇ ಇತ್ತು. ಅವನು ಮುದುಕಿಯ ಬೆನ್ನ ಹಿಂದೆ ಬಗ್ಗಿ ಸೆರಗು ಹಿಡಿದು ತಿರುವಿ ತಿರುವಿ ನೋಡಿದ. ಸುತ್ತಲಿದ್ದ ಹೆಂಗಸರು ತಮ್ಮ ತಮ್ಮ ಸೆರಗು ಎಳೆದುಕೊಂಡರು. ವಿಮಲಾ ನೆಲ ನೋಡಿದಳು. ಆ ಕ್ಷಣದ ನಾಚಿಕೆ ನೆನಪಾಗಿ ಗಾಡಿಯಲ್ಲಿ ಈಗಲೂ ಅವನ ಕಿವಿ ಬಿಸಿಯಾಯಿತು. ಆದರೆ ಶಾಂತಾಬಾಯಿ ಸೆರಗು ಕಸಿದುಕೊಳ್ಳಲಿಲ್ಲ. ಗಂಟು ಹುಡುಕಾಕತ್ತೀಯೇನಪಾ, ಸಿಗೂದಿಲ್ಲ ಬಿಡು ಎಂದರು. ಆಮೇಲೆ ಎರಡು ವಾರಕ್ಕೊಂದು ಭಾನುವಾರ ಅವನು ಮಣಿನಗರದ ಮೂರನೇ ಮಹಡಿ ಹತ್ತತೊಡಗಿದ. ನಕ್ಷೆ ಗೀಚುವಂತಿಲ್ಲ, ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿ ಎಣಿಸಿ ಹೊಲಿಯಬೇಕು. ಸೂಜಿ ಒಂದೊಂದು ಹೆಜ್ಜೆ ಬಿಟ್ಟು ಮುಂದೆ ಹೋಗಿ, ಬಿಟ್ಟದ್ದನ್ನು ತುಂಬಿಕೊಳ್ಳುತ್ತ ಹೊರಟಲ್ಲಿಗೇ ವಾಪಸು ಬರಬೇಕು. ನೇರ ಹೋಗಿ ಬಂದರೆ ಅದು ಗವಂತಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿದು ಬಂದರೆ ಮುರ್ಗಿ. ಎರಡು ಗಂಟೆಯಲ್ಲಿ ಶಾಂತಾಬಾಯಿ ಹತ್ತು ಮಾತಾಡುತ್ತಿದ್ದರೆ ಹೆಚ್ಚು. ಸೂಜಿಗಳಿಗೆಲ್ಲ ದಾರ ಪೋಣಿಸುವುದು ಮಾತ್ರ ಅವನದೇ ಕೆಲಸ. ಅದು ಕಲಿಯುವವರ ಪಾಲಿನ ಸೇವೆ ಇರಬೇಕು ಎಂದುಕೊಂಡು ಅವನು ಭಕ್ತಿಯಿಂದ ಪೋಣಿಸಿಕೊಡುತ್ತಿದ್ದ.

ಭರೂಚ್ ಬಂತು, ಹೋಯಿತು. ತಾನಿರುವ ಹೌಸಿಂಗ್ ಸೊಸೈಟಿಯ ಚೇರ್‌ಮನ್ನರಿಗೆ ಅವನು ಕಣ್ಣು ತೋರಿಸಲು ವಡೋದರಾಕ್ಕೆ ಹೋಗುತ್ತಿದ್ದೇನೆ ಎಂದು ಹೇಳಿದ್ದ. ಸುಳ್ಳು ತೀರಾ ಸುಳ್ಳೂ ಅಲ್ಲ. ಲ್ಯಾಬಿನ ಯಶವಂತ್ ಒಮ್ಮೆ ಅವನ ಡ್ರಾಯರಿನಲ್ಲಿ ಅರ್ಧ ಹೊಲಿದ ನವಿಲು ಕಂಡು, ಸಾಹೇಬರ ಮನೆಯವರು ಮರೆತು ಹೋದದ್ದು ಎಂದು ನಾಲ್ಕು ಜನರಿಗೆ ತೋರಿಸಿ ಜೋಪಾನವಾಗಿ ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದ. ಹೌದು, ಮನೆಯವರದು ಎಂದು ಭರತೇಶ ಇಸಿದುಕೊಂಡಿದ್ದ. ವಿಮಲಾಳಿಗೆ ಸೂಜಿ ಹಿಡಿದು ಒಂದು ಗುಂಡಿ ಹಚ್ಚಲೂ ಬೇಸರ, ಆ ಮಾತು ಬೇರೆ. ಅರ್ಜಿ ತುಂಬಿದ ದಿನ ಅವಳೇ ಪಕ್ಕದಲ್ಲಿ ಕೂತಿದ್ದಳು. ಕಲೆಯ ಹೆಸರಿನ ಪಟ್ಟಿಯಲ್ಲಿ ಕಸೂತಿ ಇರಲಿಲ್ಲ. ಇತರೆ ಎನ್ನುವುದನ್ನು ಒತ್ತಿದರೆ ಕಲಿಯಬೇಕಾದದ್ದನ್ನು ಬರೆಯಿರಿ ಎಂದು ಒಂದು ಪುಟ್ಟ ಚೌಕ ತೆರೆದುಕೊಂಡಿತು. ಹದಿನೈದು ಅಕ್ಷರ ದಾಟಿದರೆ ಕೆಂಪಾಗುವ ಚೌಕ. ಅವನು ಅಳೆದು ಸುರಿದು ಗವಂತಿ ಮುರ್ಗಿ ಎಂದು ಇಂಗ್ಲಿಷಿನಲ್ಲಿ ಕುಟ್ಟಿದ. ಸರಿಯಾಗಿ ಹಿಡಿಸಿತು. ಇಬ್ಬರೂ ಚಪ್ಪಾಳೆ ಹೊಡೆದುಕೊಂಡರು. ಕರೆಯ ಪತ್ರ ಬಂದ ದಿನ ಅವನು ನಲವತ್ಮೂರನ್ನು ಮರೆತು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದ. ವಿಮಲಾ ಲಟ್ಟಣಿಗೆ ಕೈಯಲ್ಲಿ ಹಿಡಿದು ನಿಂತು ನೋಡಿದಳು. ಮೊದಲನೇ ಸಲ ನಿಮ್ಮನ್ನ ಇಷ್ಟು ಹಗುರ ನೋಡಿದೆ ಎಂದಳು.

ಇಷ್ಟು ಹಗುರಾಗಿದ್ದವನ ಹೊಟ್ಟೆಯೊಳಗೆ ಆರು ಗೆರೆಗಳು ಕೂತಿದ್ದವು. ಅರ್ಜಿಯ ಜೊತೆ ಕಳಿಸಿದ ಮಾದರಿ ಒಂದು ತೊಟ್ಟಿಲು. ಸರಪಳಿ, ಕಂಬಿ, ಅಡ್ಡಪಟ್ಟಿ ಎಲ್ಲ ಅವನೇ ಹೊಲಿದದ್ದು, ನಾಲ್ಕು ತಿಂಗಳ ಭಾನುವಾರಗಳು ಅದರಲ್ಲಿದ್ದವು. ತೊಟ್ಟಿಲಿನ ತಳದಲ್ಲಿ ಮಾತ್ರ ಅವನ ಲೆಕ್ಕ ಎಲ್ಲೋ ಒಂದು ಎಳೆ ತಪ್ಪಿ, ಸೂಜಿ ಎಷ್ಟು ಸಲ ಹೋದರೂ ಹೊರಟಲ್ಲಿಗೆ ವಾಪಸು ಬರಲೊಲ್ಲದು. ಆರು ಗೆರೆ ಬಾಕಿ ಉಳಿದವು. ಕಳಿಸಲು ಮರುದಿನವೇ ಕೊನೆ. ಮಣಿನಗರದಲ್ಲಿ ಅವನು ಚಹಾ ಸೋಸಿಕೊಂಡು ಅಡುಗೆಮನೆಯಿಂದ ಬರುವಷ್ಟರಲ್ಲಿ ಶಾಂತಾಬಾಯಿ ಆ ಆರನ್ನೂ ತಾವೇ ಹೊಲಿದು ಬಟ್ಟೆಯನ್ನು ಮಡಿಸಿ ಅವನ ಚೀಲದ ಮೇಲೆ ಇಟ್ಟಿದ್ದರು. ಮುಗೀತು ತಗೋ ಎಂದರು, ಅಷ್ಟೇ. ಅವನು ಬಿಚ್ಚಿ ನೋಡಲಿಲ್ಲ. ನೋಡಿದರೆ ಕಳಿಸಲು ಕೈ ಬರುವುದಿಲ್ಲ ಎಂದು ಗೊತ್ತಿತ್ತು. ಅಂಚೆಗೆ ಹಾಕುವಾಗ ಕೂಡ ಆ ಮೂಲೆಯನ್ನು ಒಳಗೆ ಮಡಿಸಿಟ್ಟು, ಇದು ಸಂಪೂರ್ಣವಾಗಿ ನನ್ನ ಕೈಕೆಲಸ ಎನ್ನುವ ಸಾಲಿನ ಕೆಳಗೆ ಸಹಿ ಮಾಡಿದ. ಅಲ್ಲಿಂದ ಎರಡು ತಿಂಗಳು ಅವನ ಕಣ್ಣಿಗೆ ಅದೇ ಚಿತ್ರ: ಯಾರೋ ತಿಳಿದವರು ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಕಲಿಯುವವನ ಒರಟು ಕೆಲಸದ ನಡುವೆ ಆರು ಗೆರೆಗಳು ಮಾತ್ರ ಮಿಂಚುತ್ತಿರುತ್ತವೆ, ಇವು ಯಾರವು ಎಂದು ಕೇಳುತ್ತಾರೆ. ಹಾಗೆ ಕೇಳಿದರೆ ಒಪ್ಪಿಕೊಂಡುಬಿಡಬೇಕು ಎಂದು ಇವತ್ತು ಬೆಳಿಗ್ಗೆ ಗಡ್ಡ ಕೆರೆಯುವಾಗ ತೀರ್ಮಾನಿಸಿದ್ದ. ಆ ಆರು ನನ್ನ ಗುರುಗಳವು, ನನ್ನವಲ್ಲ. ಹಿಂದಿಯಲ್ಲಿ ಮೂರು ಸಲ ಹೇಳಿ ನೋಡಿಕೊಂಡ. ಮೂರನೆಯ ಸಲ ಬಾಯಿ ಆಡಿಸಿದ್ದನ್ನು ಎದುರಿನ ಹೆಂಗಸು ಕಂಡು ಡಬ್ಬಿಯನ್ನು ಪೂರ್ತಿ ಚೀಲಕ್ಕೇ ಹಾಕಿದಳು.

ವಡೋದರಾದ ಪ್ಲಾಟ್‌ಫಾರ್ಮಿನಲ್ಲಿ ಶಾಂತಾಬಾಯಿ ಅಹಮದಾಬಾದಿನ ಕಡೆಯ ಗಾಡಿಯಿಂದ ಆಗಲೇ ಇಳಿದು ಕಂಬವೊಂದಕ್ಕೆ ಒರಗಿ ನಿಂತಿದ್ದರು. ಭರತೇಶ ಕೈ ಬೀಸಿದ. ಅವರು ಅವನ ಕಡೆಗೇ ನೋಡುತ್ತಿದ್ದರೂ ಕೈ ಎತ್ತಲಿಲ್ಲ. ಹತ್ತಿರ ಹೋಗಿ ಮಾತಾಡಿಸಿದ ಮೇಲೆ, ಬಂದೇನಪಾ ಎಂದರು. ಕೋಪವಿರಬೇಕು ಎಂದುಕೊಂಡ. ತನ್ನವೆಂದು ಸಹಿ ಹಾಕಿ ಕಳಿಸಿದ ಆರು ಗೆರೆಗಳ ಕೋಪ. ರಿಕ್ಷಾದಲ್ಲಿ ಮಂಡಳಿಯ ಕಚೇರಿಯಿದ್ದ ಫತೇಗಂಜ್‌ವರೆಗೆ ಅವರು ಬಾಯಿ ಬಿಡಲಿಲ್ಲ, ಅವನು ಬಾಯಿ ಮುಚ್ಚಲಿಲ್ಲ. ಮಿಲ್ಲಿನ ಕಥೆ, ಚೇರ್‌ಮನ್ನರ ಕಥೆ, ವಿಮಲಾ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಕಥೆ. ಭಯ ಹೆಚ್ಚಾದಷ್ಟೂ ಅವನಿಗೆ ಮಾತು ಹೆಚ್ಚು, ಮಾತು ಹೆಚ್ಚಾದಷ್ಟೂ ನಗು. ರಿಕ್ಷಾದವನೂ ಒಂದೆರಡು ಸಲ ಜೊತೆಗೆ ನಕ್ಕ, ಭಾಷೆ ತಿಳಿಯದಿದ್ದರೂ.

ಮಂಡಳಿಯ ಕೋಣೆಯಲ್ಲಿ ಇಬ್ಬರೇ ಇದ್ದರು. ಫೈಲು ನೋಡುವ ಅಧಿಕಾರಿ ಅದಿತಿಬೆನ್, ಪಕ್ಕದಲ್ಲಿ ತಜ್ಞರೆಂದು ಬಂದಿದ್ದ ಡಾಕ್ಟರ್ ಹೃಷಿಕೇಶ ದೇಸಾಯಿ, ಅರವತ್ತು ದಾಟಿದ, ದಪ್ಪ ಬೆರಳಿನ, ಸಾವಕಾಶದ ಮನುಷ್ಯ. ಮೇಜಿನ ಮೇಲೆ ನೀರಿನ ಸ್ಟೀಲ್ ಜಗ್ಗು. ಜಗ್ಗಿನ ಕೆಳಗೆ, ಒದ್ದೆಯಾಗಿ, ಅವನ ತೊಟ್ಟಿಲು. ಭರತೇಶ ಜಗ್ಗಿನತ್ತ ಚಾಚಿದ ಕೈಯನ್ನು ಹಿಂದೆ ತೆಗೆದ. ಆದರೂ ಗೌರವದಿಂದ ಇಲ್ಲೇ ತಂದಿಟ್ಟುಕೊಂಡಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡ. ಡಾಕ್ಟರು ಹಿಂದಿಯಲ್ಲಿ, ಒಟ್ಟು ಎಷ್ಟು ಮುರ್ಗಿ ಇವೆ ಎಂದು ಕೇಳಿದರು. ನೆಟ್ಟಗೆ ಕೆಲಸದ ವಿಷಯಕ್ಕೇ ಬಂದರಲ್ಲ ಎಂದು ಅವನಿಗೆ ಖುಷಿಯಾಯಿತು. ಮನಸ್ಸಿನಲ್ಲೇ ಎಣಿಸಿ, ನಲವತ್ತೆಂಟು ಎಂದ. ಅಷ್ಟಕ್ಕೆ ಜಾಗ ಎಷ್ಟು ಬೇಕು? ಅಂಗೈಯಷ್ಟು ಸಾಕು ಸರ್. ಡಾಕ್ಟರು ಪೆನ್ನು ಕೆಳಗಿಟ್ಟು, ಅಷ್ಟರಲ್ಲಿ ಅವಕ್ಕೆ ಉಸಿರಾಡಲು ಆಗುತ್ತದೆಯೇ ಎಂದರು. ಎಂಥ ರಸಿಕ ಮನುಷ್ಯ! ಒತ್ತೊತ್ತಾಗಿ ಕೂತಷ್ಟೂ ಚೆಂದ, ನಡುವೆ ಒಂದೇ ಒಂದು ಎಳೆ ಬಿಟ್ಟರೆ ಸಾಕು, ಉಸಿರಾಡುತ್ತವೆ ಎಂದು ಭರತೇಶ ಉತ್ಸಾಹದಿಂದ ಹೇಳಿದ. ಏನಾದರೂ ಕೆಟ್ಟರೆ? ಕತ್ತರಿಸಿ ತೆಗೆದು ಹೊಸದಾಗಿ ಶುರು ಮಾಡುತ್ತೇವೆ. ಅದಿತಿಬೆನ್ ಅರ್ಜಿಯಲ್ಲಿ ಧರ್ಮದ ಕಾಲಂ ಮತ್ತೊಮ್ಮೆ ನೋಡಿ, ತಾವು ಜೈನರಲ್ಲವೇ, ಕತ್ತರಿಸುವವರು ಯಾರು ಎಂದು ಮೆಲ್ಲಗೆ ಕೇಳಿದರು. ಗುರುಗಳು ಹೇಳಿದರೆ ನಾನೇ ಮೇಡಂ, ಮೊದಮೊದಲು ಕರುಳು ಚುರ್ರೆನ್ನುತ್ತಿತ್ತು, ಈಗ ರೂಢಿಯಾಗಿದೆ ಎಂದ. ಡಾಕ್ಟರು ಅವನ ಚೀಲದ ಕಡೆ ನೋಡಿ, ಲೈವ್ ಸ್ಯಾಂಪಲ್ ತಂದಿರುವಿರಾ ಎಂದರು. ತಂದಿದ್ದೇನೆ ಎಂದು ಅವನು ಚೀಲದ ಜಿಪ್ಪು ಎಳೆದ. ಅದಿತಿಬೆನ್ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

"ಭರತೇಶ," ಎಂದರು ಶಾಂತಾಬಾಯಿ, ಅಷ್ಟು ಹೊತ್ತಿನಲ್ಲಿ ಮೊದಲ ಸಲ ಬಾಯಿ ಬಿಟ್ಟು. "ಅವ್ರು ಕೋಳಿ ಕೇಳಾಕತ್ತಾರ."

ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಒಂದೇ ಸಲಕ್ಕೆ ಅಲ್ಲ, ಕಂತು ಕಂತಾಗಿ. ಹಿಂದಿಯಲ್ಲಿ ಮುರ್ಗಿ ಎಂದರೆ ಕೋಳಿ ಎಂದು ಅವನಿಗೆ ಗೊತ್ತಿಲ್ಲದೆ ಏನು, ಸೂರತ್ತಿನಲ್ಲಿ ಹದಿನೆಂಟು ವರ್ಷ ಕಳೆದವನು. ಆದರೆ ಹೊಲಿಗೆಯ ಮುರ್ಗಿ ಅವನ ತಲೆಯಲ್ಲಿ ಬೇರೆಯೇ ಕಪಾಟಿನಲ್ಲಿ ಇತ್ತು, ಎರಡೂ ಒಂದನ್ನೊಂದು ಮುಖ ನೋಡಿರಲೇ ಇಲ್ಲ. ಮರಾಠಿಯವರು ನಾಟಿ ಕೋಳಿಗೆ ಗಾವ್ಠಿ ಮುರ್ಗಿ ಎನ್ನುತ್ತಾರಲ್ಲ, ಆಫೀಸಿನ ಯಾರೋ ಗವಂತಿಯನ್ನು ಅದೇ ಎಂದು ಓದಿ, ಅವನ ಅರ್ಜಿಯನ್ನು ಪಾರಂಪರಿಕ ನಾಟಿ ಕೋಳಿ ಸಾಕಣೆಯ ಅರ್ಜಿಗಳ ಕಟ್ಟಿನಲ್ಲಿ ಸೇರಿಸಿದ್ದರು. ಡಾಕ್ಟರ್ ದೇಸಾಯಿ ದನದ ಡಾಕ್ಟರು. ಶಾಂತಾಬಾಯಿ ಮಣಿನಗರದ ನಲವತ್ತೈದು ವರ್ಷದ ಗುಜರಾತಿಯಲ್ಲಿ ನಿಧಾನವಾಗಿ ಎಲ್ಲ ಬಿಡಿಸಿ ಹೇಳುತ್ತಿದ್ದರೆ, ಭರತೇಶನಿಗೆ ತಾನು ಅಂಗೈ ಮೇಲೆ ನಲವತ್ತೆಂಟು ಕೋಳಿ ಕೂರಿಸಿಕೊಂಡು ಸೊಸೈಟಿಯ ಲಿಫ್ಟಿನಲ್ಲಿ ಚೇರ್‌ಮನ್ನರ ಜೊತೆ ಮೇಲೆ ಹೋಗುತ್ತಿರುವುದು ಕಾಣತೊಡಗಿತು. ತಡೆಯಲಾಗಲಿಲ್ಲ. ಅವನು ನಕ್ಕ. ಡಾಕ್ಟರು ನಕ್ಕರು, ಹೊಟ್ಟೆ ಮೇಜಿಗೆ ತಾಗಿ ಜಗ್ಗಿನ ನೀರು ಕುಲುಕಿತು. ಅದಿತಿಬೆನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ತುಂಬ ಬೇಸರದಿಂದಲೇ, ಕುಸುರಿ ಕೆಲಸದ ಸಂದರ್ಶನಗಳು ಹೋದ ತಿಂಗಳೇ ಮುಗಿದವು, ಇನ್ನು ಮುಂದಿನ ವರ್ಷ ಅರ್ಜಿ ಹಾಕಿ ಎಂದರು.

ನಗು ಅವನ ಮುಖದ ಮೇಲೆ ಹಾಗೆಯೇ ಉಳಿದಿತ್ತು, ತೆಗೆಯುವುದು ಹೇಗೆಂದು ತಿಳಿಯದೆ. ಮುಂದಿನ ವರ್ಷ ಬೇಡ ಮೇಡಂ ಎಂದ. ಯಾಕೆ ಎಂದು ಅವರು ಕೇಳಿದರು. ಅದು ಶಾಂತಾಬಾಯಿಯ ಎದುರಿಗೆ ಹೇಳುವ ಕಾರಣವಲ್ಲ, ಅವನು ಚೀಲದ ಜಿಪ್ಪು ಎಳೆದು ಮುಚ್ಚಿದ. ಆಗ ಡಾಕ್ಟರು ಜಗ್ಗನ್ನು ಎತ್ತಿ ಪಕ್ಕಕ್ಕಿಟ್ಟು ಬಟ್ಟೆಯನ್ನು ಕೈಗೆ ತೆಗೆದುಕೊಂಡರು. ನಾನು ಇದನ್ನು ಕೋಳಿಗೂಡಿನ ನಕ್ಷೆ ಎಂದುಕೊಂಡಿದ್ದೆ ಎಂದರು. ಮತ್ತೆ, ಅದಿತಿಬೆನ್, ಮೂವತ್ತು ವರ್ಷ ಎಮ್ಮೆಗಳ ಹೊಟ್ಟೆ ಹೊಲಿದವನು ನಾನು, ಹೊಲಿಗೆಗೆ ನನಗಿಂತ ತಜ್ಞ ಬೇಕೇ, ಹಾಜರಿರುವ ತಜ್ಞರ ಅಭಿಪ್ರಾಯ ಎಂದು ತಾನೇ ನಿಮ್ಮ ನಿಯಮದಲ್ಲಿರುವುದು ಎಂದರು. ಅವರು ಆ ತಮಾಷೆಯನ್ನು ಅಲ್ಲಿಗೇ ಬಿಡಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಬಟ್ಟೆಯನ್ನು ಬೆಳಕಿಗೆ ಹಿಡಿದರು. ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. ಗಂಟು ಎಲ್ಲಿ ಎಂದು ಗೊಣಗಿದರು. ಭರತೇಶ ಕುರ್ಚಿಯ ಅಂಚಿನಲ್ಲಿ ಕೂತು, ಈಗ ಬಂತು ಎಂದುಕೊಂಡ, ಹಿಂದಿಯ ವಾಕ್ಯವನ್ನು ನಾಲಿಗೆಯ ತುದಿಗೆ ತಂದುಕೊಂಡ. ಡಾಕ್ಟರರ ದಪ್ಪ ಬೆರಳು ತೊಟ್ಟಿಲಿನ ತಳದಲ್ಲಿ ನಿಂತಿತು.

ಎಲ್ಲ ಕಡೆ ಕೈ ಎಷ್ಟು ಸ್ಥಿರವಾಗಿದೆ, ಈ ಆರು ಗೆರೆಯಲ್ಲಿ ಮಾತ್ರ ಯಾಕೆ ಹೀಗೆ ದಾರಿ ತಪ್ಪಿದಿರಿ ಎಂದು ಡಾಕ್ಟರು ಕೇಳಿದರು.

ಭರತೇಶ ಎದ್ದು ಹೋಗಿ ನೋಡಿದ. ಮೊದಲ ಸಲ ನೋಡಿದ. ಆರು ಗೆರೆಗಳೂ ಸೊಟ್ಟಗಿದ್ದವು. ಒಂದು ಕಡೆ ಎರಡು ಎಳೆ ಹಾರಿತ್ತು, ಇನ್ನೊಂದು ಕಡೆ ಸೂಜಿ ಎಳೆಯ ಮೈಯನ್ನೇ ಸೀಳಿ ಹೋಗಿತ್ತು, ಕೊನೆಯ ಗೆರೆ ಹೊರಟಲ್ಲಿಗೆ ಬರದೆ ಪಕ್ಕದಲ್ಲೆಲ್ಲೋ ಮುಗಿದುಹೋಗಿತ್ತು. ಶಾಂತಾಬಾಯಿ ದಾರ ಪೋಣಿಸಿಕೊಡು ಎನ್ನುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಪ್ಲಾಟ್‌ಫಾರ್ಮಿನಲ್ಲಿ ಕೈ ಬೀಸಿದರೆ ಅವರು ಸುಮ್ಮನೆ ನಿಂತದ್ದು ಯಾಕೆಂದು ತಿಳಿಯಿತು. ಬಲಗಣ್ಣಿಗೆ ಇನ್ನೊಂದು ವರ್ಷ ಎಂದು ಆ ಕಣ್ಣಿನ ಡಾಕ್ಟರು ಎಷ್ಟು ವರ್ಷದ ಕೆಳಗೆ ಹೇಳಿದ್ದರೋ. ಗಂಟಲಲ್ಲಿ ಬೆಳಗಿನಿಂದ ಸಿದ್ಧವಾಗಿದ್ದ ಸತ್ಯವಿತ್ತು, ಆ ಆರು ನನ್ನ ಗುರುಗಳವು. ಬೆನ್ನ ಹಿಂದೆ ಶಾಂತಾಬಾಯಿ ಕೈ ಮಡಿಸಿ ಕೂತಿದ್ದರು, ಹಿಂದಿ ಗುಜರಾತಿ ಎರಡನ್ನೂ ಅವನಿಗಿಂತ ಚೆನ್ನಾಗಿ ಬಲ್ಲವರು. ಎರಡು ತಿಂಗಳು ನಿದ್ದೆಗೆಡಿಸಿದ ಸುಳ್ಳನ್ನೇ ಅವನು ಮತ್ತೊಮ್ಮೆ ಎತ್ತಿಕೊಂಡ. ಈ ಸಲ ಅದು ಎಷ್ಟು ಹಗುರವಾಗಿತ್ತೆಂದರೆ ಅವನಿಗೇ ನಗು ಬರುವಂತಿತ್ತು.

"ನನ್ನವೇ ಸರ್," ಎಂದ. "ಅಲ್ಲಿ ನನಗೆ ಬರುವುದಿಲ್ಲ."

ಎಲ್ಲವೂ ಉಳಿದ ಭಾಗದಂತೆ ಇದ್ದಿದ್ದರೆ ನಿಮಗೆ ಗುರು ಬೇಕಿಲ್ಲ ಎಂದು ಬರೆಯುತ್ತಿದ್ದೆ, ಈ ಆರು ಗೆರೆಗೋಸ್ಕರ ಬೇಕೇ ಬೇಕು ಎಂದು ಡಾಕ್ಟರು ಕೂತು ಬರೆಯತೊಡಗಿದರು. ಅದಿತಿಬೆನ್ ಒಂದಿಷ್ಟು ಚರ್ಚೆ ಮಾಡಿದರು, ಫೋನು ಮಾಡಿದರು, ಮೇಲಿನವರೊಬ್ಬರು ಕೋಳಿಯ ಕಥೆ ಕೇಳಿ ಫೋನಿನಲ್ಲೇ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಕೊನೆಗೆ ಮೊಹರು ಬಿತ್ತು. ಎಂಟು ತಿಂಗಳು, ಗುರು ಶಾಂತಾಬಾಯಿ, ಶಿಷ್ಯ ಭರತೇಶ. ಬಟ್ಟೆಯನ್ನು ವಾಪಸು ಕೊಡುವಾಗ ಡಾಕ್ಟರು ಅದನ್ನು ತಮ್ಮ ಕರವಸ್ತ್ರದಿಂದ ಒರೆಸಿ ಕೊಟ್ಟರು.

ಸ್ಟೇಷನ್ನಿನಲ್ಲಿ ಅವರ ಗಾಡಿಗೆ ನಲವತ್ತು ನಿಮಿಷ, ಅವನ ಗಾಡಿಗೆ ಒಂದು ಗಂಟೆ. ಬೆಂಚಿನ ಮೇಲೆ ಕೂತು ಹೋಳಿಗೆ ತಿಂದರು. ವಿಮಲಾಳಿಗೆ ಫೋನಿನಲ್ಲಿ ಕೋಳಿಯ ಕಥೆ ಹೇಳುತ್ತ ಅವನು ಎರಡು ಸಲ ಎದ್ದು ನಿಂತ, ಕೈ ಆಡಿಸಿದ, ಕೂಲಿಯೊಬ್ಬನಿಗೆ ಡಿಕ್ಕಿ ಹೊಡೆದ. ತಲೆಯೊಳಗೆ ಸೋಡಾ ತುಂಬಿದಂತಿತ್ತು. ಮೊಹರಿನ ಕಾಗದವನ್ನು ನಾಲ್ಕನೆಯ ಸಲ ತೆಗೆದು ನೋಡುತ್ತಿದ್ದಾಗ ಶಾಂತಾಬಾಯಿ ಕೈ ಒರೆಸಿಕೊಂಡು, ಆ ಬಟ್ಟಿ ತಗಿ ಎಂದರು. ತೆಗೆದ.

"ಆ ಆರು ಗೆರಿ ನಿನ್ನವು ಅಂದೆಲ್ಲ ಅಲ್ಲಿ."

"ಹೌದ್ರಿ."

"ಸೊಟ್ಟ ಅದಾವಂತ."

"ಅದಾವ್ರಿ."

"ಹಂಗಾರ ಬಿಚ್ಚು."

ಅವನು ಸೂಜಿ ತೆಗೆದ. ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡ. ಶಾಂತಾಬಾಯಿಯ ಕೈ ಇನ್ನು ಮುಂದೆ ಏನು ಹೊಲಿದರೂ ಅದು ಇಷ್ಟೂ ನೆಟ್ಟಗೆ ಬರುವುದಿಲ್ಲ ಎಂದು ಈಗ ಅವನಿಗೆ ಗೊತ್ತಿತ್ತು. ಸೂಜಿಯ ಮೊನೆಯಿಂದ ಬಟ್ಟೆಯನ್ನು ಟಕ್ ಟಕ್ ಎಂದು ಮೀಟುತ್ತ, ಬೇರೊಂದು ದಾರವನ್ನು ಚೀಲದೊಳಗಿಂದ ಎಳೆದು ತುಂಡರಿಸಿ, ಬಿಚ್ಚುತ್ತಿರುವವನ ಹಾಗೆ ಉಸಿರು ಬಿಡುತ್ತ, ಐದು ನಿಮಿಷ ಕಳೆದ. ಆಯ್ತ್ರಿ ಎಂದ. ಶಾಂತಾಬಾಯಿ ಕೈ ಚಾಚಿದರು. ಅವರ ಹೆಬ್ಬೆರಳು ತೊಟ್ಟಿಲಿನ ಸರಪಳಿಯಿಂದ ಇಳಿದು, ಕಂಬಿ ದಾಟಿ, ತಳಕ್ಕೆ ಬಂದು, ಒಂದೊಂದೇ ಗೆರೆಯ ಮೇಲೆ ನಡೆಯಿತು. ಆರನ್ನೂ ನಡೆಯಿತು. ಕೊನೆಯದು ಮುಗಿದ ಜಾಗದಲ್ಲಿ ತುಸು ಹೊತ್ತು ನಿಂತಿತು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ಬಿಚ್ಚಿಲ್ಲ ನೀ."

ಭರತೇಶನಿಗೆ ನಗು ಬರುತ್ತಿತ್ತು, ಅದರ ಜೊತೆಗೇ ಇನ್ನೊಂದೂ ಬರುತ್ತಿತ್ತು, ಯಾವುದನ್ನು ಮೊದಲು ತಡೆಯಬೇಕೆಂದು ತಿಳಿಯಲಿಲ್ಲ.

"ಇದು ನಂದಂತ ಇಟ್ಕೊಂಡು ಕುಂತ್ರ ನಾ ನಿನಗ ಕಲಸೂದು ಏನು?" ಎಂದರು ಶಾಂತಾಬಾಯಿ. ಬಟ್ಟೆಯನ್ನು ಅವನ ತೊಡೆಗೆ ಹಾಕಿ, ಹತ್ತಿರ ಸರಿದು, ಅವನ ಭುಜಕ್ಕೆ ಭುಜ ತಾಗುವಂತೆ ಕೂತರು. "ನೋಡೂದು ನೀ ನೋಡು. ಎಣಸೂದು ನಾ ಎಣಸ್ತೀನಿ."

ಅವನು ಮೊದಲ ಗೆರೆಯ ಕೆಳಗೆ ಸೂಜಿ ತೂರಿಸಿ ಎತ್ತಿದ. ಎಳೆ ಬಂತು. ಶಾಂತಾಬಾಯಿ ಎದುರಿನ ಹಳಿಗಳ ಕಡೆ ಮುಖ ಮಾಡಿ, ಒಂದು ಎಂದರು.